15 ದಿನಕ್ಕೆ ಯಾವ ಪುಸ್ತಕ ತರೋದು?

ನನ್ನ ಟೈಲರಿಂಗ್ ಅಂಗಡಿ ಇರುವುದು ಲೈಬ್ರರಿ ಎದುರಿಗೆ. ತುಮಕೂರು ಜಿಲ್ಲೆಯ ಒಂದು ಸಣ್ಣ ಊರು, ಕೊಬ್ಬರಿ ವ್ಯಾಪಾರದ ಊರು. ಬ್ಲೌಸ್ ಹೊಲಿಯೋದು, ಸೀರೆಗೆ ಫಾಲ್ ಹಾಕೋದು, 26 ವರ್ಷದಿಂದ ಇದೇ ಕೆಲಸ. ಓದಿದ್ದು ಪಿಯುಸಿವರೆಗೆ, ಅದೂ ಎರಡನೇ ವರ್ಷ ಇಂಗ್ಲಿಷ್ ಕೈಕೊಟ್ಟಿತು. ಲೈಬ್ರರಿ ಮೆಟ್ಟಿಲು ಹತ್ತಿದ್ದು ಪುಸ್ತಕದ ಆಸೆಗಲ್ಲ. ಮಿಷನ್ನಿಗೆ ಸಾಲ ಮಾಡಿ ಮೋಟಾರ್ ಹಾಕಿಸಿದ ವರ್ಷವೇ ಮಧ್ಯಾಹ್ನ ಎರಡೆರಡು ಗಂಟೆ ಕರೆಂಟ್ ತೆಗೆಯೋದಕ್ಕೆ ಶುರುಮಾಡಿದರು. ಶೀಟಿನ ಕೆಳಗೆ ಬೇಯುತ್ತಾ ಕೂರುವ ಬದಲು ಎದುರುಗಡೆ ಕಿಟಕಿ ಹತ್ತಿರ ಗಾಳಿಗೆ ಕೂತುಬರೋಣ ಅಂತ ಹೋದೆ. ಮೊದಲು ಪೇಪರ್, ಆಮೇಲೆ ಸುಧಾ, ಮಯೂರ, ಕೊನೆಗೆ ಒಳಗಿನ ಕಪಾಟು.

ಈಗ ಅಳತೆ ಕೊಡೋಕೆ ಬಂದವರು "ಅಕ್ಕಾ, ನಂಗೂ ಒಂದು ಒಳ್ಳೆ ಪುಸ್ತಕ ಹೇಳಿ" ಅನ್ನುತ್ತಾರೆ. ಒಳ್ಳೆ ಪುಸ್ತಕ ಅಂತ ಸುಮ್ಮನೆ ಹೇಳೋಕಾಗಲ್ಲ. ಯಾರದೋ ಅಳತೆಗೆ ಹೊಲಿದದ್ದನ್ನು ಇನ್ಯಾರಿಗೋ ತೊಡಿಸಿದ ಹಾಗಾಗುತ್ತೆ. ನಾನು ಅವರನ್ನೇ ಎರಡು ಮಾತು ಕೇಳುತ್ತೇನೆ. ದಿನಕ್ಕೆ ನಿಜವಾಗಿ ಎಷ್ಟು ಹೊತ್ತು ಸಿಗುತ್ತೆ? ಈಗ ಮನೆಯಲ್ಲಿ ಏನು ನಡೀತಾ ಇದೆ? ಈ ಎರಡಕ್ಕೆ ಉತ್ತರ ಸಿಕ್ಕರೆ ಪುಸ್ತಕ ಹುಡುಕೋದು ಕಷ್ಟವಲ್ಲ.

ಮೊದಲು ಕಾರ್ಡು ಮಾಡಿಸಿ. ಫಾರಂ, ಎರಡು ಫೋಟೋ, ಆಧಾರ್ ಜೆರಾಕ್ಸ್, ಸ್ವಲ್ಪ ಠೇವಣಿ. ನಮ್ಮಲ್ಲಿ ಒಬ್ಬರ ಜಾಮೀನು ಸಹಿಯನ್ನೂ ಕೇಳುತ್ತಾರೆ, ನಾನೇ ಏಳೆಂಟು ಜನಕ್ಕೆ ಹಾಕಿದ್ದೇನೆ. ಕಾರ್ಡು ಬಿಟ್ಟರೆ ಠೇವಣಿ ವಾಪಸ್ಸು. "ಸರ್ಕಾರದ್ದು, ನಮಗೆಲ್ಲಿ ಕೊಡ್ತಾರೆ" ಅಂತ ಹಿಂಜರಿಯುವವರಿಗೆ ನಾನು ಮನೆ ಕಂದಾಯದ ರಸೀದಿ ತೋರಿಸುತ್ತೇನೆ. ಅದರಲ್ಲಿ ಗ್ರಂಥಾಲಯ ಕರ ಅಂತ ಒಂದು ಸಾಲಿದೆ ನೋಡಿ. 1965ರ ಗ್ರಂಥಾಲಯ ಕಾಯ್ದೆ ಬಂದಮೇಲೆ ಊರೂರಲ್ಲೂ ಆಸ್ತಿ ತೆರಿಗೆಯ ಜೊತೆ ಇದನ್ನು ವಸೂಲಿ ಮಾಡುತ್ತಾರೆ, ಈಗ ತೆರಿಗೆಯ ನೂರು ರೂಪಾಯಿಗೆ ಆರು ರೂಪಾಯಿ. ಕೊಟ್ಟಾಗಿದೆ. ಇನ್ನು ಓದೋದೊಂದು ಬಾಕಿ.

ಈಗ ಹೊತ್ತಿನ ಲೆಕ್ಕ. ನಮ್ಮ ಲೈಬ್ರರಿಯಲ್ಲಿ ಪುಸ್ತಕ ಇಟ್ಟುಕೊಳ್ಳಲು 15 ದಿನ. ಕೆಲಸಕ್ಕೆ ಹೋಗುವ ಹೆಂಗಸು ರಾತ್ರಿ ಪಾತ್ರೆ ತೊಳೆದು ಮಲಗುವ ಮುಂಚೆ ಹತ್ತು ಪುಟ ಓದಿದರೆ ದೊಡ್ಡದು. ಹಬ್ಬ, ನೆಂಟರು, ತಲೆನೋವು ಅಂತ ಮೂರು ದಿನ ಕಳೆಯಿರಿ. ಉಳಿಯೋದು 120 ಪುಟ. ಆದ್ದರಿಂದ ಮೊದಲ ಪುಸ್ತಕ 120 ಪುಟದ ಆಸುಪಾಸಿನಲ್ಲಿರಲಿ. ಇದು ನನ್ನ ಮೊದಲನೇ ನಿಯಮ, ಇದರಲ್ಲಿ ರಿಯಾಯಿತಿ ಇಲ್ಲ. ಹಿಂದಿನ ಬೀದಿಯ ಒಬ್ಬರು ಟಿವಿಯಲ್ಲಿ ಮಹಾಭಾರತ ನೋಡಿದ ಹುರುಪಿನಲ್ಲಿ ಮೊದಲ ಸಲವೇ ಅದೇ ಕತೆಯ ಮೇಲಿನ ಭೈರಪ್ಪನವರ ದಪ್ಪ ಕಾದಂಬರಿ "ಪರ್ವ" ತಂದರು. ನಾನು ಬೇಡವೆಂದೆ, ಕೇಳಲಿಲ್ಲ. ತಿಂಗಳಾದಮೇಲೆ ದಂಡ ಕಟ್ಟಿ ಹಿಂದಿರುಗಿಸಿದರು, ಆಮೇಲೆ ಲೈಬ್ರರಿ ಕಡೆ ತಲೆಹಾಕಲಿಲ್ಲ. "ಪರ್ವ" ದೊಡ್ಡ ಪುಸ್ತಕವೇ. ಆದರೆ ಅದನ್ನು ಹತ್ತನೆಯದಾಗಿ ತಂದಿದ್ದರೆ ಇವತ್ತಿಗೂ ಬರುತ್ತಿದ್ದರೇನೋ.

ಹಾಗಾದರೆ ಸಣ್ಣದರಲ್ಲಿ ಯಾವುದು? ನಾನು ಹೆಚ್ಚು ಸಲ ಕೈಗೆ ಕೊಡೋದು ವಿವೇಕ ಶಾನಭಾಗರ "ಘಾಚರ್ ಘೋಚರ್" ಎನ್ನುವ ನೀಳ್ಗತೆ. ಕಾರಣ ನನ್ನ ಕಸುಬು. ಆ ಪದಕ್ಕೆ ಯಾವ ನಿಘಂಟಿನಲ್ಲೂ ಅರ್ಥವಿಲ್ಲ. ಒಂದು ಮನೆಯ ಮಕ್ಕಳು ಆಡುತ್ತಾ ಆಡುತ್ತಾ ಕಟ್ಟಿಕೊಂಡ ಮಾತು. ಮದುವೆಯಾದ ಹೊಸದರಲ್ಲಿ ಹೆಂಡತಿಯ ಲಂಗದ ಲಾಡಿ ಗಂಟುಬಿದ್ದು ಬಿಚ್ಚಲು ಬಾರದೆ ಒದ್ದಾಡುವಾಗ ಅವಳ ಬಾಯಿಂದ ಅದು ಬರುತ್ತೆ. ವಾರಕ್ಕೆ ಹತ್ತು ಲಂಗಕ್ಕೆ ಲಾಡಿ ಪೋಣಿಸುವವಳು ನಾನು. ಓದಿದಾಗ ಮಿಷನ್ ನಿಲ್ಲಿಸಿ ಒಬ್ಬಳೇ ನಕ್ಕೆ. ನಗು ಜಾಸ್ತಿ ಹೊತ್ತು ಉಳಿಯಲಿಲ್ಲ. ಇರುವೆ ತುಂಬಿದ ಸಣ್ಣ ಮನೆಯಲ್ಲಿ ಒಬ್ಬರ ಸಂಬಳದಲ್ಲಿ ಬದುಕುತ್ತಿದ್ದ ಕುಟುಂಬಕ್ಕೆ ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ದುಡ್ಡು ಬರುತ್ತೆ. ಬಂದಮೇಲೆ ಆ ಮನೆಯವರು ಏನಾಗುತ್ತಾರೆ ಅನ್ನೋದೇ ಕತೆ. ಕೊನೆಯ ಪುಟ ಓದಿದ ಮೇಲೆ ಎಲ್ಲರೂ ನನ್ನ ಅಂಗಡಿಗೆ ಬಂದು "ಅಲ್ಲಕ್ಕಾ, ಕೊನೆಗೆ ಏನಾಯ್ತು?" ಅಂತ ಕೇಳುತ್ತಾರೆ. ನಾನು ಹೇಳಲ್ಲ. ಹಾಗೆ ಕೇಳಿಕೊಂಡು ಬಂದವರು ಎರಡನೇ ಪುಸ್ತಕ ತೆಗೆದುಕೊಂಡೇ ತೆಗೆದುಕೊಳ್ಳುತ್ತಾರೆ.

ಕಾಡು, ಪ್ರಾಣಿ, ತಮಾಷೆ ಇಷ್ಟವಿದ್ದರೆ ತೇಜಸ್ವಿಯವರ "ಕರ್ವಾಲೊ". 1980ರದು, ಈಗಲೂ ಹಳತಾಗಿಲ್ಲ. ಜೇನು ಹಿಡಿಯುವ ಮಂದಣ್ಣ, ಅವನಲ್ಲಿ ಏನೋ ಇದೆ ಅಂತ ಕಂಡುಕೊಂಡ ವಿಜ್ಞಾನಿ, ಹಾರುವ ಓತಿ ಹುಡುಕಿಕೊಂಡು ಹೊರಟ ಗುಂಪು. ಪುಸ್ತಕ ಅಂದರೆ ನಿದ್ದೆ ಬರುತ್ತೆ ಅನ್ನುವ ಗಂಡಸರಿಗೆ ನಾನು ಇದನ್ನೇ ಕೊಡೋದು. ಕಾರಂತರ "ಚೋಮನ ದುಡಿ" 1933ರದು. ಪುಟ ಕಡಿಮೆ, ಆದರೆ ಭಾರ ಹೆಚ್ಚು. ಜೋಡಿ ಎತ್ತಿದ್ದರೂ ಉಳಲು ತುಂಡು ನೆಲ ಸಿಗದವನ ಕತೆ. ಬೇಸರದಲ್ಲಿರುವಾಗ ತರಬೇಡಿ.

ಇನ್ನು ಎರಡನೇ ಪ್ರಶ್ನೆ, ಮನೆಯಲ್ಲಿ ಏನು ನಡೀತಿದೆ ಅನ್ನೋದು. ಅಳತೆ ಟೇಪು ಹಿಡಿದವಳ ಮುಂದೆ ಹೆಂಗಸರು ಹೇಗೂ ಎಲ್ಲ ಹೇಳಿಕೊಳ್ಳುತ್ತಾರೆ, ನಾನು ಕೆದಕಬೇಕಾಗಿಲ್ಲ.

ಅತ್ತೆ ಸೊಸೆ ಜಗಳವಿದ್ದರೆ ಮಾಸ್ತಿಯವರ ಸಣ್ಣ ಕತೆಗಳ ಸಂಪುಟದಲ್ಲಿ "ಮೊಸರಿನ ಮಂಗಮ್ಮ" ಹುಡುಕಿ. ಪೂರ್ತಿ ಸಂಪುಟ ಓದಬೇಕಾಗಿಲ್ಲ, ಈ ಒಂದು ಕತೆ ಒಂದು ಸಂಜೆಗೆ ಆಗುತ್ತೆ. ಮೊಸರು ಮಾರುವ ಮುದುಕಿ, ಅವಳ ಮಗ ಸೊಸೆ, ನಡುವೆ ಒಂದು ಮೊಮ್ಮಗು. ತಮಾಷೆ ಏನೆಂದರೆ ಇದನ್ನು ಓದಿದ ಅತ್ತೆಯಂದಿರೂ "ನೋಡಿ, ನಾನು ಹೇಳಿದ್ದು ಸರಿ" ಅನ್ನುತ್ತಾರೆ, ಸೊಸೆಯಂದಿರೂ ಹಾಗೇ ಅನ್ನುತ್ತಾರೆ.

ಮಕ್ಕಳು ಬೆಂಗಳೂರಿಗೋ ಅಮೆರಿಕಾಕ್ಕೋ ಹೋಗಿ ಮನೆ ಭಣಭಣ ಅನ್ನಿಸುತ್ತಿದ್ದರೆ ಕಾರಂತರ "ಬೆಟ್ಟದ ಜೀವ". ಸುಬ್ರಹ್ಮಣ್ಯದ ಕಡೆಯ ಕಾಡಿನ ನಡುವೆ ಒಂಟಿ ಮನೆ, ಗೋಪಾಲಯ್ಯ ಮತ್ತು ಶಂಕರಮ್ಮ, ಬಿಟ್ಟುಹೋದ ಮಗ. ಗೋಪಾಲಯ್ಯ ದೊಡ್ಡ ಬಾಯಿಯ, ಖುಷಿಯ ಮನುಷ್ಯ. ಆ ಖುಷಿಯ ಅಡಿಯಲ್ಲಿ ಏನಿದೆ ಅಂತ ನಿಧಾನಕ್ಕೆ ಗೊತ್ತಾಗುತ್ತೆ. ನನ್ನ ಮಗ ಪುಣೆಗೆ ಹೋದ ವರ್ಷ ಇದನ್ನು ಎರಡು ಸಲ ನವೀಕರಿಸಿ ಇಟ್ಟುಕೊಂಡಿದ್ದೆ.

ಹೆರಿಗೆಯಾದ ಮೇಲೆ ಮಗಳೋ ಸೊಸೆಯೋ ಮಂಕಾಗಿ ಕೂತಿದ್ದರೆ, ಅವಳಿಗಲ್ಲ, ಅವಳ ಸುತ್ತ ಇರುವವರಿಗೆ ತ್ರಿವೇಣಿಯವರ "ಶರಪಂಜರ" ಕೊಡುತ್ತೇನೆ. ಎಲ್ಲರೂ ಪುಟ್ಟಣ್ಣ ಕಣಗಾಲರ ಸಿನಿಮಾ ನೋಡಿರುತ್ತಾರೆ, ಕತೆ ಗೊತ್ತು ಅನ್ನುತ್ತಾರೆ. ಆದರೂ ಓದಿ. ಆಸ್ಪತ್ರೆಯಿಂದ ಗುಣವಾಗಿ ಬಂದ ಕಾವೇರಿ ಜೋರಾಗಿ ನಕ್ಕರೂ ತಪ್ಪು, ಸುಮ್ಮನಿದ್ದರೂ ತಪ್ಪು. ರೋಗಕ್ಕಿಂತ ಮನೆಯವರ ಕಣ್ಣು ಹೇಗೆ ಹಿಂಡುತ್ತೆ ಅನ್ನೋದು ಪುಸ್ತಕದಲ್ಲಿ ಓದಿದಾಗಲೇ ನನಗೆ ತಾಗಿದ್ದು. ಓದಿಸಿದ ಮೇಲೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಅಂತಲೂ ಹೇಳುತ್ತೇನೆ. ಪುಸ್ತಕ ಔಷಧಿಯಲ್ಲ.

ನಮ್ಮ ಸೀಮೆಯವರಿಗೆ ಮಾತ್ರ ಮನೆಯಲ್ಲಿ ಏನೇ ನಡೆಯುತ್ತಿರಲಿ, ಭೈರಪ್ಪನವರ "ಗೃಹಭಂಗ" ಒಂದು ಸಲ ಆಗಲೇಬೇಕು. 1970ರಲ್ಲಿ ಬಂದದ್ದು. ಕತೆ ನಡೆಯೋದು ಇಲ್ಲೇ ತಿಪಟೂರಿನ ಕಡೆಯ ಹಳ್ಳಿಗಳಲ್ಲಿ, ಸ್ವಾತಂತ್ರ್ಯಕ್ಕೆ ಮುಂಚಿನ ದಿನಗಳಲ್ಲಿ. ನಂಜಮ್ಮನ ಗಂಡ ಹೆಸರಿಗೆ ಶಾನುಭೋಗ, ಲೆಕ್ಕ ಬರೆಯೋದು ನಂಜಮ್ಮ. ಮುತ್ತುಗದ ಎಲೆ ಹಚ್ಚಿ ಮಾರಿ ಮಕ್ಕಳಿಗೆ ಅನ್ನ ಹಾಕುತ್ತಾಳೆ. ಅವಳ ಅತ್ತೆ ಗಂಗಮ್ಮನ ಬೈಗುಳ ಇದೆಯಲ್ಲ, ಅದು ನಮ್ಮ ಅಜ್ಜಿಯ ಬಾಯಿಂದ ಎತ್ತಿ ಇಟ್ಟ ಹಾಗಿದೆ, ನಾನು ಒಂದೊಂದನ್ನೂ ಗುರುತು ಹಿಡಿದೆ. ಆದರೆ ಪ್ಲೇಗಿನ ಅಧ್ಯಾಯಗಳು ಬಂದಾಗ ಮಧ್ಯಾಹ್ನ ಅಂಗಡಿ ಬಾಗಿಲು ಅರ್ಧ ಎಳೆದುಕೊಂಡು ಕೂತಿದ್ದೆ. ಗಿರಾಕಿ ಬಂದು "ಯಾರಾದ್ರೂ ಹೋದ್ರೇನಕ್ಕಾ?" ಅಂತ ಕೇಳಿದರು. ಹೌದು ಅಂದೆ. ಇದು ದಪ್ಪ ಪುಸ್ತಕ, 15 ದಿನಕ್ಕೆ ಮುಗಿಯಲ್ಲ. ಗಡುವಿಗೆ ಒಂದು ದಿನ ಮುಂಚೆ ಹೋಗಿ ನವೀಕರಿಸಿ. ಬೇರೆ ಯಾರೂ ಕೇಳಿಲ್ಲದಿದ್ದರೆ ಸೀಲು ಹೊಡೆದು ಕೊಡುತ್ತಾರೆ.

ಪುಸ್ತಕದ ಹೆಸರು ಗೊತ್ತಾದರೆ ಸಾಲದು, ಕೈಗೆತ್ತಿಕೊಂಡ ಪ್ರತಿಯನ್ನು ಪರೀಕ್ಷೆ ಮಾಡಬೇಕು. ಬಟ್ಟೆ ಅಂಗಡಿಯಲ್ಲಿ ಸೀರೆಯ ಮಡಿಕೆ ಬಿಚ್ಚಿ ನೋಡದೆ ಯಾರಾದರೂ ತರುತ್ತಾರೆಯೇ? ಮೊದಲು ಹಿಂದಿನ ರಟ್ಟಿಗೆ ಅಂಟಿಸಿದ ತಾರೀಖಿನ ಚೀಟಿ ನೋಡಿ. ನನಗೆ ಮುನ್ನುಡಿಗಿಂತ ಈ ಚೀಟಿಯ ಮೇಲೆ ನಂಬಿಕೆ. ಸೀಲಿನ ಮೇಲೆ ಸೀಲು ಬಿದ್ದು ಚೀಟಿಯ ಮೇಲೆ ಇನ್ನೊಂದು ಚೀಟಿ ಅಂಟಿಸಿದ್ದರೆ ಆ ಪುಸ್ತಕ ಜನ ಮುಗಿಸಿದ ಪುಸ್ತಕ. ತಾರೀಖುಗಳ ನಡುವಿನ ಅಂತರವನ್ನೂ ನೋಡಿ. ನಾಲ್ಕೈದು ದಿನಕ್ಕೇ ವಾಪಸ್ಸು ಬಂದು ತಕ್ಷಣ ಇನ್ನೊಬ್ಬರ ಕೈಗೆ ಹೋಗಿದ್ದರೆ ಓದಿಸಿಕೊಂಡು ಹೋಗುತ್ತೆ ಅಂತ ಅರ್ಥ. ಚೀಟಿ ಖಾಲಿ ಇದ್ದರೆ ಕೆಟ್ಟದ್ದು ಅಂತಲ್ಲ. ಬಿ.ಜಿ.ಎಲ್. ಸ್ವಾಮಿಯವರ "ಹಸುರು ಹೊನ್ನು" ನಮ್ಮಲ್ಲಿ ವರ್ಷಗಟ್ಟಲೆ ಖಾಲಿ ಚೀಟಿ ಇಟ್ಟುಕೊಂಡು ಕೂತಿತ್ತು. ಅದನ್ನು ಸಸ್ಯಶಾಸ್ತ್ರದ ಕಪಾಟಿನಲ್ಲಿ, ಡಿಗ್ರಿ ಹುಡುಗರ ಪಠ್ಯಪುಸ್ತಕಗಳ ಮಧ್ಯೆ ಸೇರಿಸಿದ್ದರು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಮೇಷ್ಟರ ಪುಸ್ತಕ ಅದು. ಗಿಡದ ಚಿತ್ರಗಳನ್ನೂ ಅವರೇ ಬಿಡಿಸಿದ್ದಾರೆ, ಪುಟಪುಟಕ್ಕೂ ನಗಿಸುತ್ತಾರೆ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಇದಕ್ಕೇ. ನಾನು ಮಗಳ ಪ್ರಾಜೆಕ್ಟಿಗೆ ಗಿಡದ ಪುಸ್ತಕ ಹುಡುಕುವಾಗ ಸಿಕ್ಕಿತು.

ಆದ್ದರಿಂದ ಬೈಂಡಿನ ಬೆನ್ನ ಮೇಲೆ ಬರೆದ ನಂಬರು ಸ್ವಲ್ಪ ತಿಳಿದಿರಲಿ. ವಿಷಯಕ್ಕೊಂದು ನಂಬರು ಕೊಡುವ ಡ್ಯೂಯಿ ಪದ್ಧತಿಯಲ್ಲಿ ಜೋಡಿಸುವ ಕಡೆ ಕನ್ನಡ ಸಾಹಿತ್ಯಕ್ಕೆ 894.814. ಅದರ ಮುಂದೆ 1 ಇದ್ದರೆ ಕವಿತೆ, 2 ನಾಟಕ, 3 ಕತೆ ಕಾದಂಬರಿ, 4 ಪ್ರಬಂಧ. ಅಡುಗೆ 641, ಜೀವನಚರಿತ್ರೆ 920. ಎಲ್ಲರೂ 3ರ ಎದುರೇ ನೂಕಾಡುತ್ತಾರೆ. 4ರ ಹತ್ತಿರ ಯಾರೂ ಇರಲ್ಲ, ನೆಮ್ಮದಿಯಾಗಿ ನಿಂತು ನೋಡಬಹುದು. ಗೊರೂರು ರಾಮಸ್ವಾಮಿ ಅಯ್ಯಂಗಾರರ "ಹಳ್ಳಿಯ ಚಿತ್ರಗಳು", ಎ.ಎನ್. ಮೂರ್ತಿರಾಯರ "ಹಗಲುಗನಸುಗಳು" ಇಂಥವನ್ನು ಅಲ್ಲಿ ಹುಡುಕಿ. ಪ್ರಬಂಧಕ್ಕೆ ಒಂದು ಅನುಕೂಲವಿದೆ. ನಡುವೆ ಬಿಟ್ಟು ಅನ್ನಕ್ಕಿಟ್ಟು ಬಂದರೂ ದಾರಿ ತಪ್ಪಲ್ಲ.

ಚೀಟಿ ಆದಮೇಲೆ ಕೊನೆಯ ಪುಟ. ಕತೆ ಓದಿಬಿಡಬೇಡಿ, ಪುಟ ಇದೆಯೋ ಇಲ್ಲವೋ ಅಷ್ಟೇ ನೋಡಿ. ಎಂ.ಕೆ. ಇಂದಿರಾ ಅವರ "ಫಣಿಯಮ್ಮ" ಮೊದಲ ಸಲ ತಂದಾಗ ಯಾವನೋ ಪುಣ್ಯಾತ್ಮ ಕೊನೆಯ ಹಾಳೆಗಳನ್ನು ಕಿತ್ತಿದ್ದ. ಮುಗಿಯುವ ಹೊತ್ತಿಗೆ ಗೊತ್ತಾಗಿ ಎರಡು ದಿನ ಸಿಟ್ಟಿನಲ್ಲಿದ್ದೆ. ಆಮೇಲೆ ಇನ್ನೊಂದು ಪ್ರತಿ ಸಿಕ್ಕಿತೆನ್ನಿ. ನಡುವೆಯೂ ಒಂದು ಸಲ ಹಾಳೆ ತಿರುವಿ. ಮತ್ತೆ ಬೈಂಡ್ ಮಾಡಿಸಿದಾಗ ಕೆಲವು ಪುಸ್ತಕದಲ್ಲಿ ಸಾಲಿನ ತುದಿ ಹೊಲಿಗೆಯೊಳಗೆ ಸೇರಿಹೋಗಿರುತ್ತೆ, ಪ್ರತಿ ಸಾಲಿನಲ್ಲೂ ಎರಡಕ್ಷರ ಊಹಿಸಿಕೊಂಡು ಓದಬೇಕು. ನಲವತ್ತು ದಾಟಿದವರು ಅಕ್ಷರದ ಗಾತ್ರ ನೋಡದೆ ತರಲೇಬೇಡಿ. ಒಂದೇ ಪುಸ್ತಕದ ಹಳೆ ಮುದ್ರಣ, ಹೊಸ ಮುದ್ರಣ ಎರಡೂ ಕಪಾಟಿನಲ್ಲಿರುತ್ತವೆ. ಸಂಪುಟವಿದ್ದರೆ ಮೊದಲನೆಯದು ಇದೆಯೇ ಕೇಳಿ. ಡಿವಿಜಿಯವರ "ಜ್ಞಾಪಕ ಚಿತ್ರಶಾಲೆ" ಮಾತ್ರ ಇದಕ್ಕೆ ಹೊರತು, ಯಾವ ಸಂಪುಟ ಸಿಕ್ಕರೂ ಎಲ್ಲಿಂದ ಬೇಕಾದರೂ ಓದಬಹುದು. ಒಬ್ಬೊಬ್ಬ ವ್ಯಕ್ತಿಯ ಬಗ್ಗೆ ಒಂದೊಂದು ಬರಹ. ಹಳೆ ಮೈಸೂರಿನ ದಿವಾನರೂ ಇದ್ದಾರೆ, ಸಂಗೀತಗಾರರೂ ಇದ್ದಾರೆ. ರಿಟೈರ್ ಆದ ಮೇಷ್ಟರೊಬ್ಬರಿಗೆ ಹೇಳಿದೆ, ಈಗ ಅವರೇ ಬಂದು ನನಗೆ ಅದರ ಕತೆ ಹೇಳುತ್ತಾರೆ. "ಹಸುರು ಹೊನ್ನು" ಬರೆದ ಸ್ವಾಮಿಯವರು ಈ ಡಿವಿಜಿಯವರ ಮಗ. ನಮ್ಮಲ್ಲಿ ಅಪ್ಪ ಒಂದು ಕೋಣೆಯಲ್ಲಿ, ಮಗ ಇನ್ನೊಂದರಲ್ಲಿ.

ಕಪಾಟಿಗಿಂತ ಮೊದಲು ನಾನು ಹೋಗೋದು ಕೌಂಟರ್ ಪಕ್ಕದ ಮೇಜಿಗೆ. ವಾಪಸ್ಸು ಬಂದ ಪುಸ್ತಕಗಳನ್ನು ಜೋಡಿಸುವ ಮುಂಚೆ ಅಲ್ಲಿ ರಾಶಿ ಹಾಕಿರುತ್ತಾರೆ. ಊರಿನವರು ಈ ವಾರ ಏನು ಓದಿದರು ಅನ್ನೋದು ಅಲ್ಲಿದೆ. ಪುಸ್ತಕ ಜೋಡಿಸುವ ಸಿಬ್ಬಂದಿಯನ್ನು ಮಾತಾಡಿಸಿ. "ಒಳ್ಳೇದು ಯಾವುದು" ಅಂದರೆ ಅವರು ಜ್ಞಾನಪೀಠದ ಪಟ್ಟಿ ಹೇಳುತ್ತಾರೆ. "ಯಾವುದು ಕಪಾಟಿನಲ್ಲಿ ನಿಲ್ಲೋದೇ ಇಲ್ಲ?" ಅಂತ ಕೇಳಿ ನೋಡಿ, ಬೇರೆಯೇ ಉತ್ತರ ಬರುತ್ತೆ.

ಪ್ರಶಸ್ತಿಯ ಮಾತು ಬಂತು. 2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಅಂಗಡಿಗೆ ಬಂದವರೆಲ್ಲ ಅವರ ಕತೆಗಳನ್ನೇ ಕೇಳಿದರು. ನಮ್ಮಲ್ಲಿ ಇದ್ದದ್ದು ಒಂದು ಪ್ರತಿ. ಇಂಥ ಹೊತ್ತಿನಲ್ಲಿ ಮುನಿಸಿಕೊಂಡು ಬರಬೇಡಿ. ಕೌಂಟರಿನಲ್ಲಿ ಹೆಸರು ಬರೆಸಿ, ಸರದಿ ಬರುವ ತನಕ ಅದೇ ಹಾದಿಯ ಇನ್ನೊಂದನ್ನು ಹಿಡಿದುಕೊಂಡು ಬನ್ನಿ. ನಾನು ಸಾರಾ ಅಬೂಬಕ್ಕರ್ ಅವರ "ಚಂದ್ರಗಿರಿಯ ತೀರದಲ್ಲಿ" ಕೊಟ್ಟು ಕಳಿಸಿದೆ. ಕಾಸರಗೋಡಿನ ಕಡೆಯ ನಾದಿರಾ, ಅಪ್ಪನ ಹಟಕ್ಕೆ ಗಂಡನಿಂದ ದೂರವಾದವಳು. ಸಣ್ಣ ಪುಸ್ತಕ. ಓದಿದ ಇಬ್ಬರು ಸರದಿ ಬಂದಿದೆ ಅಂತ ಹೇಳಿ ಕಳಿಸಿದರೂ "ಇರಿ, ಸಾರಾ ಅವರದೇ ಇನ್ನೊಂದು ಓದಿ ಬರ್ತೀನಿ" ಅಂದರು.

"ಕಟ್ಟುಕತೆ ಬೇಡ, ನಡೆದದ್ದು ಕೊಡಿ" ಅನ್ನುವವರೂ ಇದ್ದಾರೆ. ಸ್ಟ್ಯಾಂಡಿನ ಆಟೋ ಹುಡುಗನೊಬ್ಬ ಹಾಗೆ ಕೇಳಿದ. ಸಿದ್ಧಲಿಂಗಯ್ಯನವರ "ಊರುಕೇರಿ" ತಂದುಕೊಟ್ಟೆ. ಶುರುವಿನಲ್ಲೇ ನೊಗಕ್ಕೆ ಎತ್ತಿನ ಬದಲು ಇಬ್ಬರು ಮನುಷ್ಯರು ಹೆಗಲು ಕೊಟ್ಟು ಎಳೆಯುತ್ತಾರೆ. ನೋಡುತ್ತಾ ನಿಂತ ಹುಡುಗನಿಗೆ ಅವರಲ್ಲೊಬ್ಬ ತನ್ನ ಅಪ್ಪ ಅಂತ ಗೊತ್ತಾಗುತ್ತೆ. ಇಷ್ಟಾದಮೇಲೂ ಪುಸ್ತಕದ ತುಂಬ ನಗು. ಆ ಹುಡುಗ ಬಾಡಿಗೆ ಇಲ್ಲದಾಗ ಹಿಂದಿನ ಸೀಟಿನಲ್ಲಿ ಕೂತು ಜೋರಾಗಿ ನಗುತ್ತಿದ್ದದ್ದನ್ನು ನಾನು ಅಂಗಡಿಯಿಂದಲೇ ನೋಡಿದ್ದೇನೆ.

ಕಷ್ಟದ ಪುಸ್ತಕಗಳಿಗೆ ಒಂದೊಂದು ಉಪಾಯ. ದೇವನೂರ ಮಹಾದೇವರ "ಕುಸುಮಬಾಲೆ" ನೋಡೋಕೆ ತೆಳ್ಳಗಿದೆ, ತೆರೆದರೆ ನಂಜನಗೂಡು ಕಡೆಯ ಮಾತು, ಮೊದಲ ಪುಟದಲ್ಲೇ ಎಡವುತ್ತೀರಿ. ಕಣ್ಣಲ್ಲಿ ಓದಬೇಡಿ, ಬಾಯಿಬಿಟ್ಟು ಓದಿ. ನಾನು ಕಾಜಾ ಹೊಲಿಯುವ ಹುಡುಗಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವಳ ಅಜ್ಜಿಮನೆ ಚಾಮರಾಜನಗರ, ನನಗೆ ತಿಳಿಯದ ಕಡೆ ಅವಳೇ ಅರ್ಥ ಹೇಳಿದಳು. ಕುವೆಂಪು ಅವರ "ಮಲೆಗಳಲ್ಲಿ ಮದುಮಗಳು" ಇಟ್ಟಿಗೆಯಷ್ಟು ದಪ್ಪ, ಕತೆಯೊಳಗೆ ಹೊಸ ಹೊಸ ಜನ ಬರುತ್ತಲೇ ಇರುತ್ತಾರೆ. ಅದಕ್ಕೆ ಅಳತೆ ಪುಸ್ತಕದ ಹಿಂದೆ ಹೆಸರುಗಳನ್ನು ಬರೆದುಕೊಂಡೆ, ಯಾರು ಯಾವ ಮನೆಯವರು, ಯಾರು ಯಾರಿಗೆ ಏನಾಗಬೇಕು ಅಂತ. ಮಳೆಗಾಲದಲ್ಲಿ ಶುರುಮಾಡಿ, ಮದುವೆ ಸೀಸನ್ನಿನಲ್ಲಿ ಬೇಡ.

ಐವತ್ತು ಪುಟ ಓದಿಯೂ ಹಿಡಿಸದಿದ್ದರೆ ವಾಪಸ್ಸು ಕೊಟ್ಟುಬಿಡಿ. ದುಡ್ಡು ಕೊಟ್ಟು ಕೊಂಡಿದ್ದರೆ ಹೊಟ್ಟೆ ಉರಿಯುತ್ತಿತ್ತು, ಇಲ್ಲಿ ಏನೂ ಹೋಗಲ್ಲ. ಹೆಸರಾಂತ ಕಾದಂಬರಿಯೊಂದನ್ನು ನಾನೇ ಮೂರು ಸಲ ತಂದು ಮೂರು ಸಲವೂ ಅರ್ಧಕ್ಕೆ ಕೊಟ್ಟಿದ್ದೇನೆ. ಯಾವುದು ಅಂತ ಹೇಳಿದರೆ ಊರಿನ ಕನ್ನಡ ಮೇಷ್ಟರು ಬ್ಲೌಸ್ ಕೊಡೋದು ನಿಲ್ಲಿಸುತ್ತಾರೆ, ಅವರ ಮನೆಯವರು ನನ್ನ ಖಾಯಂ ಗಿರಾಕಿ.

ಲೈಬ್ರರಿ ಇಲಾಖೆಯ ಡಿಜಿಟಲ್ ಗ್ರಂಥಾಲಯವೂ ಇದೆ, ಫೋನಿನಲ್ಲೇ ಓದಬಹುದು. ಹೊರಗೆ ಹೋಗಲಾಗದವರಿಗೆ ಒಳ್ಳೇದು. ನನಗೆ ಫೋನ್ ತೆಗೆದರೆ "ಬ್ಲೌಸ್ ಆಯ್ತಾ?" ಅಂತ ವಾಟ್ಸಾಪ್ ಬರುತ್ತೆ, ಓದು ಅಲ್ಲಿಗೆ ಮುಗಿಯಿತು.

ನಮ್ಮ ಲೈಬ್ರರಿಗೆ ಸೋಮವಾರ ರಜೆ. ನಿಮ್ಮ ಊರಿನದನ್ನು ಬೋರ್ಡಿನಲ್ಲಿ ನೋಡಿಕೊಳ್ಳಿ. ಓದುತ್ತಾ ನಿಲ್ಲಿಸಿದ ಕಡೆ ಹಾಳೆಯ ಮೂಲೆ ಮಡಚಬೇಡಿ, ಹಳೆ ಕಾಗದ ಅಲ್ಲಿಗೇ ಮುರಿಯುತ್ತೆ. ನಾನು ದಾರದ ತುಂಡು ಇಡುತ್ತೇನೆ, ಆ ದಿನ ಮಿಷನ್ನಿನಲ್ಲಿ ಯಾವ ಬಣ್ಣ ಇರುತ್ತೋ ಅದು. ತೆಗೆಯೋದು ಮರೆತು ಎಷ್ಟೋ ಹಾಗೇ ವಾಪಸ್ಸು ಹೋಗಿವೆ. "ಬೆಟ್ಟದ ಜೀವ"ದ ನಡುವೆ ಗಿಳಿಹಸಿರು ದಾರ ಸಿಕ್ಕಿತು ಅಂತ ಮೊನ್ನೆ ಒಬ್ಬರು ತಂದು ಕೊಟ್ಟರು, ಜೊತೆಗೆ ಹೊಲಿಯೋಕೆ ಎರಡು ಬ್ಲೌಸ್ ಪೀಸು.